ಮರುಭೂಮಿಯ ಜೀವಪದರವನ್ನು ಗುರುತಿಸಿ ಪರೀಕ್ಷಿಸುವ ಬಗೆ

ಬಯಲುಸೀಮೆಯ ಕೆಂಪುನೆಲ ಮಳೆ ನಿಂತ ಮೇಲೆ ಹೆಪ್ಪುಗಟ್ಟುವುದು ರೈತರಿಗೆ ಗೊತ್ತೇ ಇದೆ. ಅದು ಬರೀ ಮಣ್ಣಿನ ಹೆಪ್ಪು. ಸಯನೋಬ್ಯಾಕ್ಟೀರಿಯಾ (ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳುವ ಸೂಕ್ಷ್ಮಜೀವಿ), ಕಲ್ಲುಹೂವು, ಹಾವಸೆ ಸೇರಿ ಮರುಭೂಮಿಯ ನೆಲದ ಮೇಲೆ ಕಟ್ಟುವ ಜೀವಪದರವೇ ಬೇರೆ.

ಎರಡನ್ನೂ ಬೇರ್ಪಡಿಸಲು ಬ್ಲೇಡಿನಿಂದ ಒಂದು ಚೂರು ಎಬ್ಬಿಸಿ, ಮುರಿದು, 10 ಪಟ್ಟಿನ ಲೆನ್ಸಿನಲ್ಲಿ ಅಂಚನ್ನು ನೋಡಿ. ಮರಳಿನ ಕಾಳುಗಳು ನವಿರು ಎಳೆಗಳಿಗೆ ಅಂಟಿಕೊಂಡು ಜೋತಾಡುತ್ತಿದ್ದರೆ ಅದು ಜೀವಪದರ. ಎಳೆಗಳು ಹೆಚ್ಚಾಗಿ ಮೈಕ್ರೋಕೋಲಿಯಸ್ ಎಂಬ ಸಯನೋಬ್ಯಾಕ್ಟೀರಿಯಾದವು. ನೀರು ಚಿಮುಕಿಸಿದರೆ ಒಣಗಿ ಮುದುಡಿದ ಹಾವಸೆ ಕಣ್ಣೆದುರೇ ಎಲೆ ಬಿಚ್ಚುತ್ತದೆ. ಕರಿ ಚಕ್ಕೆ ಲೋಳೆಯಂತೆ ಉಬ್ಬಿದರೆ ಅದು ಕೊಲ್ಲೆಮಾ ಕಲ್ಲುಹೂವು ಇರಬಹುದು. ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವ ಕೆಲಸ ಅದರದು.

ಗಟ್ಟಿತನ ಅಳೆಯಲು 6–8 ಮಿಲಿಮೀಟರಿನ ಚೂರನ್ನು 1.5 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿಟ್ಟು ಬಟ್ಟಿ ಇಳಿಸಿದ ನೀರಿನಲ್ಲಿ ಮುಳುಗಿಸಿ. ಅಂಕ 1ರಿಂದ 6ರವರೆಗೆ; 1 ತೀರಾ ಬಡಕಲು, 6 ತುಂಬಾ ಗಟ್ಟಿ. 5 ಸೆಕೆಂಡಿನೊಳಗೆ ಅರ್ಧ ಕರಗಿದರೆ ಅಂಕ 1. ಐದು ನಿಮಿಷ ತಾಳಿದ್ದನ್ನು ಐದು ಸಲ ಎತ್ತಿ ಅದ್ದಿ. ಮುಕ್ಕಾಲು ಪಾಲಾದರೂ ಉಳಿದರೆ 6. ಚೂರು ಪೂರ್ತಿ ಒಣಗಿರಲೇಬೇಕು. ಒಳಗೆ ಸಿಕ್ಕಿಕೊಂಡ ಗಾಳಿ ಸಿಡಿದೇ ಮಣ್ಣು ಒಡೆಯುವುದು. ತೇವವಿದ್ದರೆ ಗಾಳಿಗೆ ಜಾಗವಿಲ್ಲ, ಬಡಕಲು ಪದರಕ್ಕೂ ಒಳ್ಳೆಯ ಅಂಕ ಬಂದುಬಿಡುತ್ತದೆ. ಎಲ್ಲರೂ ಎಡವುವುದು ಇಲ್ಲೇ.

ಆಮೇಲೆ ಮೇಲ್ಮೈಯ ಉಬ್ಬುತಗ್ಗು ನೋಡಿ. ಇಲ್ಲಿ ಹವೆಯದೇ ಕಾರುಬಾರು. ಅಮೆರಿಕದ ಕೊಲರಾಡೋ ಪ್ರಸ್ಥಭೂಮಿಯಲ್ಲಿ ಚಳಿಗಾಲದಲ್ಲಿ ಮಣ್ಣಿನೊಳಗಿನ ನೀರು ಹಿಮವಾಗಿ ಹಿಗ್ಗಿ ಮಣ್ಣನ್ನು ಎತ್ತುತ್ತದೆ, ಮಳೆ ಕೊರೆಯುತ್ತದೆ. ಪದರ ಪುಟ್ಟ ಗೋಪುರಗಳಾಗಿ, ಕೆಲವೆಡೆ 10 ಸೆಂಟಿಮೀಟರಿನವರೆಗೂ, ಏಳುತ್ತದೆ. ಸಂದುಗಳಲ್ಲಿ ನೀರು ತಂಗಿ ನಿಧಾನಕ್ಕೆ ಇಂಗುತ್ತದೆ. ಇಸ್ರೇಲಿನ ನೆಗೆವ್ ಮರುಭೂಮಿಯ ನಿಟ್ಸಾನಾ ಮರಳದಿಣ್ಣೆಗಳಲ್ಲಿ ಹಾಗೆ ಎತ್ತುವ ಹಿಮವಿಲ್ಲ, ಪದರ ಬಹುಮಟ್ಟಿಗೆ ನುಣುಪು. ನೆನೆದಾಗ ಸಯನೋಬ್ಯಾಕ್ಟೀರಿಯಾದ ಲೋಳೆ ಉಬ್ಬಿ ಮಣ್ಣಿನ ರಂಧ್ರ ಮುಚ್ಚುವುದರಿಂದ ನೀರು ಕೆಳಗೆ ಹರಿದು ಪೊದೆಗಳ ಬುಡ ಸೇರುತ್ತದೆ. ಹಾಗಾಗಿ ಒಂದು ಕಡೆಯ ಇಂಗುವಿಕೆಯ ಲೆಕ್ಕವನ್ನು ಇನ್ನೊಂದು ಕಡೆ ಹಚ್ಚಬೇಡಿ.

ನೀರು ಇಂಗಲೆಂದು ನೆಗೆವ್‌ನಲ್ಲಿ ಪದರ ಒಡೆದರೆ ಮಳೆ ಬಿದ್ದಲ್ಲೇ ಇಂಗುತ್ತದೆ ನಿಜ, ಆದರೆ ಕೆಳಗಿನ ಪೊದೆಗೆ ಹರಿವು ತಪ್ಪಿ, ಮರಳು ಗಾಳಿಗೆ ಸಡಿಲವಾಗುತ್ತದೆ. ಸಯನೋಬ್ಯಾಕ್ಟೀರಿಯಾ ಬೇಗ ಮರಳಿಯಾವು. ಕಲ್ಲುಹೂವಿಗೆ ದಶಕಗಳೇ ಬೇಕು. ಚೂರು ತೆಗೆಯಲು ಹೋಗುವಾಗಲೂ ಬಂಡೆಯ ಮೇಲೋ ಒಣಹಳ್ಳದಲ್ಲೋ ನಡೆಯಿರಿ. ಸಂರಕ್ಷಿತ ಉದ್ಯಾನವಾದರೆ ಮೊದಲು ಅನುಮತಿ ಪಡೆಯಿರಿ.