ಹಾಪ್ಸ್: ಕಹಿಯನ್ನೂ ಪರಿಮಳವನ್ನೂ ಬೇರೆ ಬೇರೆ ಅಳೆಯಿರಿ

ಬಿಯರ್‌ನ ಕಹಿ ಹಾಪ್ಸ್ ಬಳ್ಳಿಯ ಹೆಣ್ಣು ಹೂವಿನದು. ಪರಿಮಳದಲ್ಲೂ ಅದರ ಪಾಲು ದೊಡ್ಡದು. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡಲು ಅಬಕಾರಿ ಕಾನೂನು ಬಿಡುವುದಿಲ್ಲ. ಆದರೆ ತಳಿಗಳ ಗುಣ ತಿಳಿಯಲು ಬಿಯರೇ ಬೇಕಿಲ್ಲ, ಹಾಪ್ಸ್ ಕಷಾಯ ಸಾಕು. ಅದರಲ್ಲಿ ಈಸ್ಟ್ ಇಲ್ಲ, ಆಲ್ಕೋಹಾಲೂ ಇಲ್ಲ.

ಮೊದಲಿಗೆ ಮೂರು ತಳಿ ತರಿಸಿ: ಜೆಕ್ ದೇಶದ ಸಾಜ್, ಅಮೆರಿಕದ ಕ್ಯಾಸ್ಕೇಡ್ ಮತ್ತು ಸಿಟ್ರಾ. ಹೂವನ್ನು ಪುಡಿಮಾಡಿ ಒತ್ತಿದ ಗುಳಿಗೆಗಳ, ಗಾಳಿ ತೆಗೆದು ಸೀಲ್ ಮಾಡಿದ ಪ್ಯಾಕೆಟ್ ಆಗಿರಲಿ. ದಾವಣಗೆರೆಯ ಬೇಸಿಗೆಯಲ್ಲಿ ಆರ್ಡರ್ ಮಾಡದಿರುವುದೇ ಲೇಸು, ಬಿಸಿಗೆ ಹಾಪ್ಸ್ ಬೇಗ ಕೆಡುತ್ತದೆ. ಒಂದು ಗುಳಿಗೆಯನ್ನು ಅಂಗೈಯಲ್ಲಿ ಪುಡಿಮಾಡಿ ಉಜ್ಜಿ. ಕೈ ಬಿಸಿಯಾದಂತೆ ಅಂಟು ಬಿಟ್ಟು ಘಮ್ಮೆನ್ನಬೇಕು. ಹಳೇ ಚೀಸ್‌ನ ವಾಸನೆ ಬಂದರೆ ಆ ಪ್ಯಾಕೆಟ್ ಪರೀಕ್ಷೆಗೆ ಬಾರದು.

ಪರಿಮಳಕ್ಕೆ: ಎರಡು ಲೋಟ ಕುದಿಯುವ ನೀರಿಗೆ ಒಂದು ಲೋಟ ತಣ್ಣೀರು ಬೆರೆಸಿದರೆ ಸುಮಾರು 75 ಡಿಗ್ರಿಗೆ ಬರುತ್ತದೆ. ಈ ನೀರನ್ನು 250 ಎಂಎಲ್‌ನಂತೆ ಮೂರು ಪಾತ್ರೆಗೆ ಹಾಕಿ, ಒಂದೊಂದಕ್ಕೂ 2 ಗ್ರಾಂ ಹಾಪ್ಸ್ ಬೆರೆಸಿ, 10 ನಿಮಿಷ ಮುಚ್ಚಿಟ್ಟು ಸೋಸಿ. ಲೋಟದ ತಳಕ್ಕೆ ಹೆಸರು ಅಂಟಿಸಿ, ಮನೆಯವರ ಕೈಲಿ ಅದಲುಬದಲು ಮಾಡಿಸಿ. ಹೆಸರು ಕಂಡರೆ ಮೂಗು ಅದನ್ನೇ ನಂಬುತ್ತದೆ. ಸಾಜ್‌ನಲ್ಲಿ ಸೊಪ್ಪು, ಮಣ್ಣು, ನವಿರು ಮಸಾಲೆ. ಕ್ಯಾಸ್ಕೇಡ್‌ನಲ್ಲಿ ಹೂವಿನ ಜತೆ ಚಕ್ಕೋತದ ಸಿಪ್ಪೆ. ಸಿಟ್ರಾದಲ್ಲಿ ಮಾವು, ಲಿಚಿ, ನಿಂಬೆ.

ಕಹಿಗೆ ಇದೇ ತೂಕ ಹಾಕಿದರೆ ಲೆಕ್ಕ ತಪ್ಪುತ್ತದೆ. ಕಹಿಯ ಮೂಲ ಆಲ್ಫಾ ಆಮ್ಲ. ಕುದಿಸಿದಾಗ ಅದರ ರೂಪ ಬದಲಾಗಿ ನೀರಿನಲ್ಲಿ ಕರಗುತ್ತದೆ. ಸಾಜ್‌ನಲ್ಲಿ ಅದು ಶೇ 3ರ ಆಸುಪಾಸು, ಕ್ಯಾಸ್ಕೇಡ್‌ನಲ್ಲಿ 6, ಸಿಟ್ರಾದಲ್ಲಿ 12. ಹಾಗಾಗಿ ಒಂದೊಂದು ಲೀಟರ್ ನೀರಿಗೆ ಕ್ರಮವಾಗಿ 4, 2, 1 ಗ್ರಾಂ ಹಾಕಿ ಅರ್ಧ ಗಂಟೆ ಕುದಿಸಿ. ಬೆಳೆಯಿಂದ ಬೆಳೆಗೆ ಅಂಕಿ ಬದಲಾಗುವುದರಿಂದ ಪ್ಯಾಕೆಟ್ ನೋಡಿಯೇ ತೂಗಿ. ಮೂರಕ್ಕೂ ಒಂದೇ ಫಿಲ್ಟರ್ ನೀರು ಬಳಸಿ. ಬೋರ್‌ವೆಲ್ ನೀರಿನ ಲವಣ ಕಹಿಯ ರುಚಿಯನ್ನೇ ಬದಲಿಸುತ್ತದೆ. ಒಂದು ಗುಟುಕಾದ ಮೇಲೆ ಒಗ್ಗರಣೆ ಹಾಕದ ಬರಿ ಮಂಡಕ್ಕಿ ನಾಲ್ಕು ಕಾಳು ಬಾಯಿಗೆ ಹಾಕಿ, ನೀರು ಕುಡಿದು, ಮುಂದಿನದಕ್ಕೆ ಹೋಗಿ. ಮಂಡಕ್ಕಿಗೆ ನಮ್ಮೂರಲ್ಲಿ ಬರವೇ?

ಈಗ ಗೊತ್ತಾಗುತ್ತದೆ: ಕಹಿ ಸಮನಾದಾಗ ತಳಿಗಳ ಅಂತರ ಬಹಳ ಕಿರಿದು, ಏಕೆಂದರೆ ಪರಿಮಳದ ಎಣ್ಣೆ ಆವಿಯಲ್ಲಿ ಹೋಗಿರುತ್ತದೆ. ಬ್ರೂವರಿಗಳು ಕಹಿಯ ಹಾಪ್ಸನ್ನು ಕುದಿಯ ಆರಂಭದಲ್ಲೂ ಪರಿಮಳದ್ದನ್ನು ಕೊನೆಯಲ್ಲೂ ಹಾಕುವುದು ಇದಕ್ಕೇ. ಸಿಟ್ರಾದಂಥ ದುಬಾರಿ ಪರಿಮಳವನ್ನು ಗಂಟೆಗಟ್ಟಲೆ ಕುದಿಸುವುದು ನನ್ನ ಮಟ್ಟಿಗೆ ವ್ಯರ್ಥ.

ಉಳಿದದ್ದನ್ನು ಗಾಳಿಯಾಡದಂತೆ ಕಟ್ಟಿ ಫ್ರೀಜರ್‌ನಲ್ಲಿಡಿ. ಸೋಸಿದ ಗಸಿ ನಾಯಿಗೆ ಸಿಗದಂತೆ ಎಸೆಯಿರಿ; ಹಾಪ್ಸ್ ತಿಂದ ನಾಯಿಗೆ ವಿಪರೀತ ಜ್ವರವೇರಿ ಪ್ರಾಣಕ್ಕೇ ಕುತ್ತಾಗಬಹುದು.