ಸ್ವಿಫ್ಟ್‌ಗೆ ಅಲಾಯ್ ಹಾಕ್ಸಿದ್ದು: 15 ಇಂಚಾ 16 ಇಂಚಾ, ಟೈರ್ ಸೈಜ್ ಹೆಂಗ್ ಫಿಕ್ಸ್ ಮಾಡ್ದೆ

ನಂದು 2019ರ ಮಾರುತಿ ಸ್ವಿಫ್ಟ್ ವಿಎಕ್ಸ್‌ಐ. ಕಂಪ್ನಿಯಿಂದ ಬಂದಿದ್ದು 14 ಇಂಚಿನ ಕಬ್ಬಿಣದ ಡಿಸ್ಕು, ಅದ್ರ ಮೇಲೆ ಪ್ಲಾಸ್ಟಿಕ್ ವೀಲ್ ಕವರ್, ಟೈರು 165/80 ಆರ್14. ಟೈರ್ ಸವೆದು, ಬದಲಾಯಿಸ್ಬೇಕು ಅಂತ ತೋರಿಸೋ ಇಂಡಿಕೇಟರ್ ಗೆರೆ ಮಟ್ಟಕ್ಕೆ ಬಂದಿತ್ತು, ಹೆಂಗೂ ನಾಲ್ಕೂ ಬದಲಾಯಿಸ್ಲೇಬೇಕು, ಜೊತೆಗೆ ಕಬ್ಬಿಣದ ಡಿಸ್ಕ್ ಬದ್ಲು ಅಲಾಯ್ ವೀಲೂ (ಮಿಶ್ರಲೋಹದ್ದು) ಹಾಕ್ಸಿಬಿಡೋಣ ಅಂತ ಹೊರಟೆ. ಡಿಸೈನ್ ಸೆಲೆಕ್ಟ್ ಮಾಡೋದು ಸುಲಭ, ಸೈಜ್ ವಿಷ್ಯದಲ್ಲಿ ಮಾತ್ರ ಹೋದ ಅಂಗಡೀಲೆಲ್ಲ ಒಂದೊಂದ್ ಥರ ಹೇಳಿದ್ರು. ಒಬ್ರು "ಸರ್ 16 ಹಾಕ್ಸಿ, ಲುಕ್ಕೇ ಬೇರೆ ಆಗುತ್ತೆ" ಅಂದ್ರೆ ಇನ್ನೊಬ್ರು 205ರ ಅಗಲದ್ದು ಹಾಕಿ ರೋಡ್ ಗ್ರಿಪ್ ಸೂಪರ್ ಅಂದ್ರು. ಯಾರೂ ಟೈರಿನ ಒಟ್ಟು ಎತ್ತರ ಎಷ್ಟಾಗುತ್ತೆ ಅಂತ ಹೇಳ್ಲಿಲ್ಲ, ನೋಡ್ಬೇಕಾಗಿದ್ದು ಮೊದ್ಲು ಅದನ್ನೇ.

ಲೆಕ್ಕ ಏನೂ ಕಷ್ಟ ಇಲ್ಲ, ಮೊಬೈಲ್ ಕ್ಯಾಲ್ಕುಲೇಟರ್ ಸಾಕು. 165 ಅಂದ್ರೆ ಟೈರಿನ ಅಗಲ, ಮಿಲಿಮೀಟರಲ್ಲಿ. 80 ಅನ್ನೋದು ಮಿಲಿಮೀಟರ್ ಅಲ್ಲ, ಡಿಸ್ಕಿನ ಅಂಚಿಂದ ರೋಡ್ ತನಕ ಇರೋ ಟೈರಿನ ಪಕ್ಕದ ಗೋಡೆ, ಅಂದ್ರೆ ಸೈಡ್‌ವಾಲ್ ಎತ್ತರ ಆ ಅಗಲದ 80 ಪರ್ಸೆಂಟ್ ಅಂತ, ಅಂದ್ರೆ 132 ಮಿಮೀ. ಮೇಲೊಂದು ಕೆಳಗೊಂದು ಸೈಡ್‌ವಾಲ್ ಸೇರಿ 264, ಮಧ್ಯದ ಡಿಸ್ಕಿನ 14 ಇಂಚು 355.6 ಮಿಮೀ, ಒಟ್ಟು 619.6. ಈ ನಂಬರ್ ಬರೆದಿಟ್ಕೊಂಡೆ, ಹೊಸ ಟೈರು ಇದ್ರ ಅಕ್ಕಪಕ್ಕನೇ ಇರ್ಬೇಕು. 185/65 ಆರ್15 ಹಾಕಿದ್ರೆ 621.5 ಬರುತ್ತೆ, ಬರೀ 2 ಮಿಲಿಮೀಟರ್ ವ್ಯತ್ಯಾಸ. 195/60 ಆರ್15ಕ್ಕೆ 615, ಅದೂ ಓಕೆ. 195/55 ಆರ್16ಕ್ಕೆ 620.9, ಅಂದ್ರೆ ಲೆಕ್ಕದ ಪ್ರಕಾರ 16 ಇಂಚೂ ಪಾಸ್. ಅಂಗಡೀಲಿ ತೋರಿಸಿದ 205/65 ಆರ್15 ಮಾತ್ರ 647.5, ಅದು ಹಳೇ ಇನ್ನೋವಾ ಸೈಜು. ಒರಿಜಿನಲ್‌ಗಿಂತ 4.5 ಪರ್ಸೆಂಟ್ ದೊಡ್ಡದು, ಮೀಟರ್ 100 ಕಿಮೀ ತೋರಿಸಿದ್ದ ಕಡೆ ಗಾಡಿ ಇನ್ನೂ ನಾಲ್ಕೂವರೆ ಜಾಸ್ತಿ ಓಡ್ತಿರುತ್ತೆ, ಓಡಿದ ಕಿಲೋಮೀಟರ್ ಕಮ್ಮಿ ತೋರಿಸುತ್ತೆ, 1.2 ಲೀಟರ್ ಇಂಜಿನ್ನಿಗೆ ಪಿಕಪ್ ಸತ್ತೋಗುತ್ತೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗಡೆ ಉಜ್ಜೋ ಚಾನ್ಸೂ ಇದೆ. ನಾನಂತೂ 2 ಪರ್ಸೆಂಟ್ ದಾಟಿದ್ದನ್ನೆಲ್ಲ ಅಲ್ಲೇ ಕೈಬಿಟ್ಟೆ.

ಹಾಗಾದ್ರೆ 16 ಯಾಕ್ ಬೇಡ ಅಂದೆ? ನಾನಿರೋದು ಹಾಸನ, ವಾರವಾರ ಸಕಲೇಶಪುರ ಕಡೆ ಎಸ್ಟೇಟ್ ರೋಡಲ್ಲಿ ಓಡಾಟ, ಮಂಗಳೂರಿಗೆ ಹೋದ್ರೆ ಶಿರಾಡಿ ಘಾಟಿ. ಮಳೆಗಾಲದಲ್ಲಿ ನೀರು ತುಂಬ್ಕೊಂಡ ಗುಂಡಿ ಎಷ್ಟು ಆಳ ಇದೆ ಅಂತ ಇಳಿದ್ಮೇಲೇ ಗೊತ್ತಾಗೋದು. 14ರಲ್ಲಿ ಸೈಡ್‌ವಾಲ್ 132 ಮಿಮೀ ಇದ್ದಿದ್ದು 185/65 ಆರ್15ರಲ್ಲಿ 120 ಆಗುತ್ತೆ, 195/55 ಆರ್16ರಲ್ಲಿ 107ಕ್ಕೆ ಇಳಿಯುತ್ತೆ. ಆ ಇಂಚಿನಷ್ಟು ರಬ್ಬರು ಮತ್ತೆ ಗಾಳಿನೇ ಗುಂಡಿ ಏಟು ತಡ್ಕೊಳ್ಳೋದು. ಅದು ಕಮ್ಮಿಯಾದ್ರೆ ಏಟು ಸೀದಾ ಅಲಾಯ್ ಅಂಚಿಗೆ. ಕಬ್ಬಿಣದ ಡಿಸ್ಕ್ ಬೆಂಡಾದ್ರೆ ಸುತ್ತಿಗೆಲಿ ಬಡಿದು ಸರಿ ಮಾಡ್ತಾರೆ, ಅಲಾಯ್ ಕ್ರ್ಯಾಕ್ ಆದ್ರೆ ವೆಲ್ಡಿಂಗ್ ಮಾಡ್ಸಿದ್ದನ್ನ ನಾನು ಹೈವೇಲಿ ನಂಬಲ್ಲ. ಬೆಂಗ್ಳೂರಲ್ಲಿ ನೈಸ್ ರೋಡ್ ಮೇಲೆ ಓಡಾಡೋರಿಗೆ 16 ಚೆನ್ನಾಗೇ ಇರ್ಬೋದು.

185/65ಗೆ ಗಟ್ಟಿಯಾಗಿ ಒಪ್ಕೊಳ್ಳೋಕೆ ಇನ್ನೊಂದ್ ಕಾರಣ, ಇದೇ ಗಾಡೀದು ಝಡ್‌ಎಕ್ಸ್‌ಐ ಮಾಡೆಲ್‌ಗೆ ಕಂಪ್ನಿಯವ್ರೇ ಈ ಸೈಜ್ ಕೊಟ್ಟಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆಲಿ 52ನೇ ಸೆಕ್ಷನ್ ಗಾಡೀಲಿ ಮಾರ್ಪಾಡು ಮಾಡೋದ್ರ ಬಗ್ಗೆನೇ ಇದೆ, ನಾಳೆ ಇನ್ಶೂರೆನ್ಸ್‌ನವ್ರು ಕ್ಯಾತೆ ತೆಗೆದ್ರೆ ಕಂಪ್ನಿ ಸೈಜೇ ಹಾಕಿದೀನಿ ಅಂತ ತೋರಿಸ್ಬೋದು. ಎರ್ಟಿಗಾ, ಡಿಸೈರ್‌ಗೂ ಇದೇ ಸೈಜ್ ಬರೋದ್ರಿಂದ ಚಿಕ್ಕ ಊರಲ್ಲೂ ಸ್ಟಾಕ್ ಸಿಗುತ್ತೆ, ಒಂದ್ ಟೈರ್ ಸೈಡಲ್ಲಿ ಹರಿದೋದ್ರೆ ಆರ್ಡರ್ ಮಾಡಿ ಕಾಯೋ ಕೆಲ್ಸ ಇಲ್ಲ.

ಇಷ್ಟಾದ್ಮೇಲೆ ಅಲಾಯ್ ಕಡೆದು ನೋಡ್ಬೇಕು. ಸ್ವಿಫ್ಟ್ ಪಿಸಿಡಿ 4x100, ಅಂದ್ರೆ ನಾಲ್ಕು ನಟ್ಟು, ಅವು ಕೂರೋ ಸರ್ಕಲ್ಲಿನ ಅಡ್ಡಳತೆ 100 ಮಿಮೀ. ಇದು ಎಲ್ರಿಗೂ ಗೊತ್ತಿರುತ್ತೆ, ಗೊತ್ತಿಲ್ದೇ ಇರೋದು ಮಧ್ಯದ ತೂತು. ನಮ್ ಹಬ್ (ವೀಲಿನ ತೂತು ಕೂರೋ, ಗಾಡಿ ಕಡೆಯ ಮಧ್ಯದ ಉಬ್ಬು) 54.1 ಮಿಮೀ, ಹೊರಗಡೆ ಸಿಗೋ ಅಲಾಯ್‌ಗಳಲ್ಲಿ ಎಲ್ಲಾ ಗಾಡಿಗೂ ಆಗ್ಲಿ ಅಂತ ದೊಡ್ಡ ತೂತು ಬಿಟ್ಟಿರ್ತಾರೆ, ನಂದ್ರಲ್ಲಿ 67.1 ಇತ್ತು. ಮಧ್ಯದ ಗ್ಯಾಪಿಗೆ ಹಬ್ ರಿಂಗ್ ಹಾಕ್ದಿದ್ರೆ ವೀಲು ಕರೆಕ್ಟಾಗಿ ಸೆಂಟರಿಗೆ ಕೂರಲ್ಲ, 80 ದಾಟಿದ್ರೆ ಸ್ಟೇರಿಂಗ್ ನಡುಗೋಕೆ ಶುರು, ಆಮೇಲೆ ಬ್ಯಾಲೆನ್ಸಿಂಗ್ ಎಷ್ಟ್ ಸಲ ಮಾಡ್ಸಿದ್ರೂ ಹೋಗಲ್ಲ. ರಿಂಗ್ ಕೇಳಿದ್ದಕ್ಕೆ "ಅದೆಲ್ಲ ಬೇಕಾಗಲ್ಲ ಸರ್" ಅಂದ್ರು, ನಾನ್ ಬಿಡ್ಲಿಲ್ಲ, ತರಿಸಿ ಹಾಕ್ಸಿದೆ. ಅಲಾಯ್ ಅಗಲ 6 ಜೆ, ಅಂದ್ರೆ 6 ಇಂಚಿಂದು ತಗೊಂಡೆ, 185/65ಗೆ 5ರಿಂದ 6.5ರ ತನಕ ಆಗುತ್ತೆ. 7 ಜೆ ತಗೊಂಡ್ರೆ ಟೈರ್ ಎಳೆದು ಕೂರಿಸ್ದಂಗಾಗಿ ಅಲಾಯ್ ಅಂಚು ಹೊರಗೆ ಕಾಣುತ್ತೆ, ಪಾರ್ಕಿಂಗ್‌ನಲ್ಲಿ ಮೊದಲ ಗೀರು ಅದಕ್ಕೇ. ಇಟಿ ನಂಬರ್ (ವೀಲ್ ಎಷ್ಟು ಒಳಗೆ ಕೂರುತ್ತೆ ಅನ್ನೋ ಅಳತೆ) ಕಮ್ಮಿಯಾದಷ್ಟೂ ವೀಲ್ ಮಡ್‌ಗಾರ್ಡಿಂದ ಹೊರಗೆ ಬರುತ್ತೆ, ಒರಿಜಿನಲ್‌ಗೆ ಹತ್ರ ಇರೋದೇ ವಾಸಿ.

ಟೈರ್ ಮೇಲೆ ಸೈಜ್ ಪಕ್ಕದಲ್ಲಿ 88ಎಚ್ ಅಂತ ಇತ್ತು. 88 ಅಂದ್ರೆ ಒಂದ್ ಟೈರು 560 ಕೆಜಿ ಹೊರುತ್ತೆ, ಎಚ್ ಅಂದ್ರೆ 210 ಕಿಮೀ ಸ್ಪೀಡ್ ತನಕ. ಹಳೇ ಸೈಜಿನ 85ಕ್ಕೆ 515 ಕೆಜಿ ಇತ್ತು, ಲೋಡ್ ನಂಬರ್ ಹಳೇದಕ್ಕಿಂತ ಕೆಳಗೆ ಹೋಗ್ಬಾರ್ದು ಅಷ್ಟೆ. ನಾಲ್ಕಂಕಿ ತಯಾರಿ ಡೇಟನ್ನೂ ನಾಲ್ಕೂ ಟೈರಲ್ಲಿ ನೋಡಿ, ಮೊದಲೆರಡು ವಾರ, ಕೊನೆಯೆರಡು ವರ್ಷ, ಫಿಟ್ ಮಾಡೋಕೆ ಮುಂಚೆನೇ ನೋಡ್ಬೇಕು ಆಮೇಲಲ್ಲ.

ಹಾಕ್ಸಿದ್ಮೇಲೆ ಘಾಟಿ ತಿರುವಲ್ಲಿ ಗಾಡಿ ಮುಂಚೆಗಿಂತ ಗಟ್ಟಿಯಾಗಿ ನಿಲ್ಲುತ್ತೆ, ಹಂಪ್ ಮೇಲೆ ಸ್ವಲ್ಪ ಜಾಸ್ತಿ ಕುಲುಕುತ್ತೆ, ಮೈಲೇಜ್ ಒಂಚೂರು ಇಳಿದಿದೆ. ಸ್ಟೆಪ್ನಿ ಹಳೇ 14 ಇಂಚಿಂದೇ ಇಟ್ಕೊಂಡಿದೀನಿ, ಎತ್ತರ ಹೆಚ್ಚೂಕಮ್ಮಿ ಒಂದೇ ಆಗಿರೋದ್ರಿಂದ ಪಂಕ್ಚರ್ ಅಂಗಡಿ ತನಕ ನಿಧಾನಕ್ಕೆ ಹೋಗೋಕೆ ಸಾಕು. ಅಲಾಯ್‌ಗೆ ಸಣ್ಣ ನಟ್ಟು ಬಂದಿದೆ, ಕಂಪ್ನಿ ಸ್ಪಾನರ್ ಅದಕ್ಕೆ ಕೂರಲ್ಲ, ಅದ್ರ ಸಾಕೆಟ್ಟು, ಸ್ಟೆಪ್ನಿಗೆ ಬೇಕಾಗೋ ಹಳೇ ನಟ್ಟು ನಾಲ್ಕು, ಎರಡನ್ನೂ ಜಾಕಿ ಜೊತೆ ಚೀಲದಲ್ಲಿ ಹಾಕಿದೀನಿ. ಉಳಿದ ಹಳೇ ಡಿಸ್ಕು ಅಟ್ಟದ ಮೇಲಿದೆ, ಗಾಡಿ ಮಾರೋವಾಗ ಅದನ್ನೇ ಹಾಕಿ ಅಲಾಯ್ ಬೇರೆ ಮಾರೋ ಪ್ಲಾನು.