ಅಕ್ಟೋಬರ್ ರಾತ್ರಿಗಳಲ್ಲಿ ಸ್ನೋ ಮಾಡಿದ ನನ್ನ ಅನುಭವ

ಅಮೆರಿಕದ ಕೊಲೊರಾಡೊದಲ್ಲಿ ಅಕ್ಟೋಬರ್ ಮಧ್ಯಕ್ಕೆಲ್ಲ ಸ್ಕೀಯಿಂಗ್ ಶುರುವಾಗಿಬಿಡುತ್ತೆ. ಆಗ ಡೆನ್ವರಲ್ಲಿ ಜನ ಇನ್ನೂ ಅರ್ಧ ತೋಳಿನ ಶರ್ಟಲ್ಲಿ ಓಡಾಡ್ತಿರ್ತಾರೆ, ಮರದ ಎಲೆಗಳೂ ಪೂರ್ತಿ ಉದುರಿರಲ್ಲ, ಆದ್ರೆ ಐ-70 ಹೈವೇ ಹಿಡಿದು ಪಶ್ಚಿಮಕ್ಕೆ ಒಂದೂವರೆ ಗಂಟೆ ಹೋದ್ರೆ ಕಂದು ಬೆಟ್ಟದ ಮೇಲೆ ಒಂದೇ ಒಂದು ಬಿಳಿ ಪಟ್ಟಿ ಕಾಣುತ್ತೆ, ಅದ್ರ ಮೇಲೆ ನೂರಾರು ಜನ ಇಳೀತಿರ್ತಾರೆ. ಅರಪಾಹೊ ಬೇಸಿನ್, ಕೀಸ್ಟೋನ್, ಲವ್‌ಲ್ಯಾಂಡ್ ಈ ಮೂರು ಸ್ಕೀ ರೆಸಾರ್ಟ್‌ಗಳಲ್ಲಿ ಯಾರು ಮೊದಲು ಬಾಗಿಲು ತೆಗೀತಾರೆ ಅಂತ ಪ್ರತಿ ವರ್ಷ ಪೈಪೋಟಿ, ಇಲ್ಲಿಯ ಸ್ಕೀಯರ್‌ಗಳು ಸೆಪ್ಟೆಂಬರ್ ಕೊನೆಯಿಂದಾನೇ ವೆಬ್‌ಕ್ಯಾಮ್ ನೋಡ್ತಾ ಕೂತಿರ್ತಾರೆ. ಆ ಬಿಳಿ ಪಟ್ಟಿಯ ಬಹುಪಾಲನ್ನ ನೀರು, ಗಾಳಿ, ಪೈಪು ಇಟ್ಕೊಂಡು ರಾತ್ರಿ ಪಾಳಿಯ ಜನ ಮಾಡಿರ್ತಾರೆ. ಒಂದು ಸೀಸನ್ ಆ ಪಾಳಿಯಲ್ಲಿ ನಾನೂ ಇದ್ದೆ.

ನಾನು ಸಾಫ್ಟ್‌ವೇರ್‌ನವನು, ದಾವಣಗೆರೆ ಕಡೆಯವನು. ಆ ವರ್ಷ ಲೇಆಫ್ ಆಯ್ತು, ಗ್ರೀನ್ ಕಾರ್ಡ್ ಇದ್ದಿದ್ರಿಂದ ಯಾವ ಕೆಲಸಕ್ಕೆ ಬೇಕಾದ್ರೂ ಸೇರಬಹುದಿತ್ತು, ಸಮಿಟ್ ಕೌಂಟಿಯ ಒಂದು ರೆಸಾರ್ಟಲ್ಲಿ ಸ್ನೋಮೇಕರ್ಸ್ ಬೇಕಾಗಿದಾರೆ ಅಂತ ನೋಡಿ ಅರ್ಜಿ ಹಾಕ್ದೆ. ಸ್ಕೀಯಿಂಗ್ ಕೆಲವು ವರ್ಷದಿಂದ ಮಾಡ್ತಿದ್ದೆ, ಕಾಲ ಕೆಳಗಿರೋ ಸ್ನೋ ಎಲ್ಲಿಂದ ಬರುತ್ತೆ ಅನ್ನೋ ಕುತೂಹಲ ಮೊದಲಿಂದಾನೂ ಇತ್ತು. ಹನ್ನೆರಡು ಗಂಟೆ ಪಾಳಿ, ಸಂಜೆಯಿಂದ ಬೆಳಗ್ಗೆ ತನಕ.

ಮೊದಲನೇ ವಾರ ಕಲಿತದ್ದು ಒಂದೇ ವಿಷಯ, ಅದು ಗೊತ್ತಾದ ಮೇಲೆ ಉಳಿದಿದ್ದೆಲ್ಲ ತಾನಾಗೇ ಅರ್ಥ ಆಗುತ್ತೆ. ಸ್ನೋ ಮಾಡೋಕೆ ಮಾಮೂಲಿ ಥರ್ಮಾಮೀಟರ್ ನೋಡಿದ್ರೆ ಸಾಲಲ್ಲ, ವೆಟ್ ಬಲ್ಬ್ ನೋಡಬೇಕು, ಅಂದ್ರೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸೋ ಉಷ್ಣಾಂಶ. ಗಾಳಿ ಒಣಗಿದ್ದಷ್ಟೂ ನೀರು ಬೇಗ ಆವಿ ಆಗುತ್ತೆ, ಆವಿ ಆಗ್ತಾ ಉಳಿದ ನೀರಿನ ಶಾಖ ಎಳ್ಕೊಂಡು ಹೋಗುತ್ತೆ. ನಮ್ಮಲ್ಲಿ ಏರ್ ಕೂಲರ್ ರಾಯಚೂರು ಕಲಬುರಗಿಯಲ್ಲಿ ಚೆನ್ನಾಗಿ ಕೆಲಸ ಮಾಡಿ ಮಂಗಳೂರಲ್ಲಿ ಬರೀ ಸೆಕೆ ಕೊಡುತ್ತಲ್ಲ, ಅದೇ ಲೆಕ್ಕ ಇಲ್ಲೂ. ಗಾಳಿ 1 ಡಿಗ್ರಿ ಸೆಲ್ಸಿಯಸ್ ಇದ್ರೂ ಹ್ಯುಮಿಡಿಟಿ 30 ಪರ್ಸೆಂಟ್ ಇದ್ರೆ ವೆಟ್ ಬಲ್ಬ್ ಮೈನಸ್ 3, ಮೈನಸ್ 4ರ ಹತ್ರ ಇರುತ್ತೆ, ಅಂದ್ರೆ ಸೊನ್ನೆಗಿಂತ ಮೇಲೆ ಇದ್ರೂ ಸ್ನೋ ಆಗುತ್ತೆ. ಅದೇ ಮೋಡ ಕವಿದು ಹ್ಯುಮಿಡಿಟಿ 95 ಇದ್ರೆ ಥರ್ಮಾಮೀಟರ್ ಮೈನಸ್ 1 ತೋರಿಸಿದ್ರೂ ಸ್ನೋಗನ್ನಿಂದ, ಅಂದ್ರೆ ನೀರು ಚಿಮ್ಮಿಸಿ ಸ್ನೋ ಮಾಡೋ ಮಷಿನ್ನಿಂದ, ಬರೀ ತಣ್ಣನೆ ತುಂತುರು. ನಮ್ಮ ಗಡಿ 28 ಫ್ಯಾರನ್‌ಹೀಟ್ ವೆಟ್ ಬಲ್ಬ್, ಸೆಲ್ಸಿಯಸ್ಸಲ್ಲಿ ಹೇಳಿದ್ರೆ ಮೈನಸ್ 2ಕ್ಕಿಂತ ಸ್ವಲ್ಪ ಕೆಳಗೆ. ಕೊಲೊರಾಡೊ ಇಷ್ಟು ಬೇಗ ಓಪನ್ ಆಗೋದಕ್ಕೆ ಎತ್ತರ ಒಂದು ಕಾರಣ (ಅರಪಾಹೊ ಬೇಸಿನ್ನಿನ ಬುಡವೇ 10,780 ಅಡಿ), ಒಣ ಗಾಳಿ ಇನ್ನೊಂದು, ನನ್ನ ಪ್ರಕಾರ ಗಾಳಿಗೆ ಸಿಗಬೇಕಾದಷ್ಟು ಕ್ರೆಡಿಟ್ ಸಿಗ್ತಿಲ್ಲ.

ಈಗ ಗನ್ ವಿಷಯ. ಬಹಳ ಜನ ಗನ್ನಿಂದ ರೆಡಿ ಸ್ನೋ ಹೊರಗೆ ಬರುತ್ತೆ ಅಂದ್ಕೊಂಡಿರ್ತಾರೆ. ಹೊರಗೆ ಬರೋದು ನೀರಿನ ಹನಿ, ಅದು ಗಾಳಿಯಲ್ಲಿ ಹಾರ್ತಾ ಹಾರ್ತಾ ಕೆಲವು ಸೆಕೆಂಡಲ್ಲಿ ಹೆಪ್ಪುಗಟ್ಟಿ ಕೆಳಗೆ ಬೀಳಬೇಕು, ಟವರ್ ಗನ್‌ಗಳನ್ನ ಅಷ್ಟು ಎತ್ತರಕ್ಕೆ ನಿಲ್ಸಿರೋದೂ ಹನಿಗೆ ಗಾಳಿಯಲ್ಲಿ ಜಾಸ್ತಿ ಹೊತ್ತು ಸಿಗಲಿ ಅಂತಾನೇ. ಇಲ್ಲಿ ಒಂದು ತೊಡಕಿದೆ. ನೀರು ಸೊನ್ನೆ ಡಿಗ್ರಿಗೆ ಬಂದ ಕೂಡಲೇ ಐಸ್ ಆಗ್ಬೇಕು ಅಂತೇನಿಲ್ಲ, ತುಂಬಾ ಶುದ್ಧವಾದ ಸಣ್ಣ ಹನಿ ಮೈನಸ್ 40ರ ಹತ್ರ ಹೋಗೋ ತನಕ ನೀರಾಗೇ ಇರಬಲ್ಲದು, ಹರಳು ಕಟ್ಟೋಕೆ ಅದಕ್ಕೊಂದು ಬೀಜ ಬೇಕು. ಕಂಪ್ರೆಸ್ ಮಾಡಿದ ಗಾಳಿ ಸಣ್ಣ ತೂತಿಂದ ಹೊರಗೆ ಬಂದು ಹಿಗ್ಗಿದಾಗ ವಿಪರೀತ ತಣ್ಣಗಾಗುತ್ತೆ, ಅದರ ಜೊತೆ ಸ್ವಲ್ಪ ನೀರು ಬಿಟ್ರೆ ಅತಿ ಸಣ್ಣ ಐಸ್ ಹರಳುಗಳು ಹುಟ್ಟುತ್ವೆ, ಅವೇ ಬೀಜ, ಅವು ಹೋಗಿ ದೊಡ್ಡ ಹನಿಗಳಿಗೆ ತಾಗಿದಾಗ ಹನಿ ಗಟ್ಟಿ ಆಗುತ್ತೆ. ಕೆಲವು ಕಡೆ ಸ್ನೋಮ್ಯಾಕ್ಸ್ ಅಂತ ಒಂದು ಪುಡಿ ನೀರಿಗೆ ಸೇರಿಸ್ತಾರೆ, ಅದು ಸೂಡೊಮೊನಾಸ್ ಸಿರಿಂಜೆ ಅನ್ನೋ ಬ್ಯಾಕ್ಟೀರಿಯಾದಿಂದ ಮಾಡಿದ್ದು, ಗಿಡದ ಎಲೆ ಮೇಲೆ ಇಬ್ಬನಿ ಹೆಪ್ಪುಗಟ್ಟೋ ಹಾಗೆ ಮಾಡೋ ಬ್ಯಾಕ್ಟೀರಿಯಾ ಅದು. ನಮ್ಮಲ್ಲಿ ಬರೀ ನೀರು ಮತ್ತು ಗಾಳಿ.

ಇದನ್ನ ಕಂಡುಹಿಡಿದ ಕಥೆ ನನಗೆ ತುಂಬಾ ಇಷ್ಟ. ಕನೆಕ್ಟಿಕಟ್‌ನ ಮಿಲ್‌ಫರ್ಡಲ್ಲಿ ವೇಯ್ನ್ ಪಿಯರ್ಸ್, ಆರ್ಟ್ ಹಂಟ್, ಡೇವ್ ರಿಚಿ ಅಂತ ಮೂರು ಜನ ಸ್ಕೀ ತಯಾರಿಸೋ ಕಂಪನಿ ನಡೆಸ್ತಿದ್ರು. ಸ್ನೋ ಸರಿಯಾಗಿ ಬೀಳದ ವರ್ಷ ಅವರ ಸ್ಕೀ ಯಾರು ತಗೋತಾರೆ? 1950ರ ಮಾರ್ಚಲ್ಲಿ ಪೇಂಟ್ ಹೊಡೆಯೋ ಕಂಪ್ರೆಸರ್, ತೋಟದ ಪೈಪು, ಒಂದು ನಾಝಲ್ ಜೋಡಿಸಿ ಸ್ನೋ ಬರಿಸಿಯೇ ಬಿಟ್ರು. ಆಮೇಲೆ ಬಂದಿದ್ದೆಲ್ಲ ಅದೇ ದಾರಿ ಹಿಡಿದು ಬಂದಿದ್ದು, 2022ರ ಬೀಜಿಂಗ್ ವಿಂಟರ್ ಒಲಿಂಪಿಕ್ಸ್ ಹೆಚ್ಚುಕಮ್ಮಿ ಪೂರ್ತಿ ಮಷಿನ್ ಸ್ನೋ ಮೇಲೇ ನಡೀತು. ನಮ್ಮ ದೇಶದಲ್ಲಿ ಉತ್ತರಾಖಂಡದ ಔಲಿಯಲ್ಲೂ ಸ್ನೋಗನ್‌ಗಳಿವೆ, ಅವಕ್ಕೆ ನೀರು ಕೊಡೋಕೆ ಬೆಟ್ಟದ ಮೇಲೆ ಕೆರೆ ಮಾಡಿದಾರೆ.

ರಾತ್ರಿ ಕೆಲಸ ಅಂದ್ರೆ ಹೀಗಿರ್ತಿತ್ತು. ಕತ್ತಲಾಗ್ತಿದ್ದಂಗೆ ವೆಟ್ ಬಲ್ಬ್ ಇಳಿಯೋದನ್ನ ಕಾಯೋದು, 30, 29 ಫ್ಯಾರನ್‌ಹೀಟ್, ಸುಪರ್‌ವೈಸರ್ ರೇಡಿಯೋದಲ್ಲಿ ಹೂಂ ಅಂದ ತಕ್ಷಣ ಪಂಪ್ ಹೌಸಿಂದ ನೀರು ಮೇಲಕ್ಕೆ ಏರುತ್ತೆ, ನಾವು ಇಬ್ಬಿಬ್ಬರು ಸ್ನೋಮೊಬೈಲ್ ಅಥವಾ ನಾಲ್ಕು ಚಕ್ರದ ಬಗ್ಗಿಯಲ್ಲಿ ಹೋಗಿ ಹೈಡ್ರಂಟ್ (ಗನ್‌ಗೆ ನೀರು ಬಿಡೋ ದೊಡ್ಡ ನಲ್ಲಿ) ಒಂದೊಂದಾಗಿ ತೆಗೀತಾ ಬರೋದು. ಹೊಸ ಫ್ಯಾನ್ ಗನ್‌ಗಳು ತಾವೇ ಹವಾಮಾನ ನೋಡ್ಕೊಂಡು ಶುರುವಾಗ್ತಾವೆ, ಹಳೇ ಗಾಳಿ-ನೀರಿನ ಗನ್‌ಗಳಿಗೆ ಮಾತ್ರ ಕೈಯೇ ಬೇಕು. ಹೋಸ್ ಒಳಗೆ ನೀರು ನಿಂತ್ರೆ ಕೆಲವೇ ನಿಮಿಷದಲ್ಲಿ ಗಟ್ಟಿ, ಆಮೇಲೆ ಅದನ್ನ ಬಗ್ಗಿಸೋಕೂ ಆಗಲ್ಲ, ಅದಕ್ಕೇ ಗನ್ ನಿಲ್ಲಿಸಿದ ಪ್ರತಿ ಸಲಾನೂ ಹೋಸ್ ಬಿಚ್ಚಿ ಇಳಿಜಾರಿಗೆ ಹಾಕಿ ಪೂರ್ತಿ ಬಸಿಯೋದು ಈ ಕೆಲಸದ ಮೊದಲನೇ ನಿಯಮ. ಕಂಪ್ರೆಸ್ಡ್ ಗಾಳಿಯ ಸದ್ದು ಎಷ್ಟಿರುತ್ತೆ ಅಂದ್ರೆ ಇಯರ್‌ಪ್ಲಗ್ ಇಲ್ಲದೇ ಹತ್ರ ಹೋಗೋ ಹಾಗೇ ಇಲ್ಲ. ಹೆಡ್‌ಲ್ಯಾಂಪ್ ಬೆಳಕಲ್ಲಿ ನಮ್ಮ ಜಾಕೆಟ್ಟು, ಹುಬ್ಬು, ಕೈಗವಸು ಎಲ್ಲದರ ಮೇಲೂ ಐಸ್ ಕಟ್ಟಿರ್ತಿತ್ತು.

ಸ್ನೋ ಸರಿಯಾಗಿ ಬರ್ತಿದ್ಯಾ ಅಂತ ತಿಳಿಯೋಕೆ ಯಾವ ಮೀಟರೂ ಬೇಡ. ಗನ್ನಿಂದ ಸ್ವಲ್ಪ ದೂರ, ಸ್ನೋ ಬೀಳೋ ಜಾಗದಲ್ಲಿ ನಿಂತು ತೋಳು ಚಾಚಬೇಕು. ಜಾಕೆಟ್ ತೋಳಿನ ಮೇಲೆ ಬಿದ್ದ ಕಣ ಪುಟಿದು ಉದುರಿದ್ರೆ ಒಣ ಸ್ನೋ. ಬಿದ್ದ ಕೂಡಲೇ ಅಂಟ್ಕೊಂಡು ಒದ್ದೆ ಚುಕ್ಕೆ ಆದ್ರೆ ನೀರು ಜಾಸ್ತಿ ಆಗಿದೆ, ವಾಲ್ವ್ ತಿರುಗಿಸಿ ಕಮ್ಮಿ ಮಾಡು. ಆಮೇಲೆ ಕೆಳಗಿಂದ ಒಂದು ಹಿಡಿ ತಗೊಂಡು ಅದುಮಿ ನೋಡೋದು, ಉಂಡೆ ಆಗಬೇಕು, ಬೆರಳ ಸಂದಿಯಿಂದ ನೀರು ಒಸರಬಾರದು. ನನ್ನ ಜೊತೆ ಇದ್ದವರೊಬ್ಬರು ಎಷ್ಟೋ ವರ್ಷದಿಂದ ಇದೇ ಕೆಲಸ ಮಾಡ್ತಿದ್ದವರು, ತೋಳಿನ ಮೇಲೆ ಬೀಳೋ ಸದ್ದು ಕೇಳೇ ವಾಲ್ವ್ ಎಷ್ಟು ತಿರುಗಿಸಬೇಕು ಅಂತ ಹೇಳ್ತಿದ್ರು, ಮತ್ತೆ ಅದು ಸರಿಯಾಗೇ ಇರ್ತಿತ್ತು. ಅಂಥವರ ಜೊತೆ ಕೆಲಸ ಮಾಡಿದ್ದು ನನ್ನ ಪುಣ್ಯ.

ರಾತ್ರಿ ಎರಡು ಗಂಟೆಗೆ ಊಟದ ಬ್ರೇಕ್. ಊರಲ್ಲಿ ಆಗ ಮಧ್ಯಾಹ್ನ ಒಂದೂವರೆ, ಅಮ್ಮಂಗೆ ಫೋನ್ ಮಾಡೋಕೆ ಸರಿಯಾದ ಹೊತ್ತು. "ಊಟ ಆಯ್ತೇನೋ, ಚಳಿ ಜಾಸ್ತಿ ಇದ್ಯಾ?" ಅಂತ ಕೇಳೋರು. "ಇಲ್ಲಮ್ಮ, ಇವತ್ತು ಇನ್ನೂ ಚಳಿ ಸಾಲ್ದು" ಅಂತ ನಾನಂದ್ರೆ ಅವರಿಗೆ ಆಶ್ಚರ್ಯ, ಮಗ ಚಳಿ ಬರಲಿ ಅಂತ ಕಾಯ್ತಾನಲ್ಲ ಅಂತ. ನಿಜವಾಗ್ಲೂ ಕಾಯ್ತಿದ್ವಿ. ಆಕಾಶ ಶುಭ್ರ ಇದ್ದು ಗಾಳಿ ಬೀಸದ ರಾತ್ರಿ ತಣ್ಣನೆ ಗಾಳಿ ಕಣಿವೆಗೆ ಇಳಿದು ನಿಲ್ಲುತ್ತೆ, ಬೆಟ್ಟದ ತುದಿಗಿಂತ ಬುಡದಲ್ಲೇ ಚಳಿ ಜಾಸ್ತಿ, ಆಗ ಕೆಳಗಿನ ಗನ್‌ಗಳು ಓಡ್ತಿರ್ತಾವೆ, ಮೇಲಿನವು ಸುಮ್ನೆ ನಿಂತಿರ್ತಾವೆ. ಸೂರ್ಯ ಮೇಲೆ ಬಂದ ಒಂದೆರಡು ಗಂಟೆಗೆ ಎಲ್ಲ ಬಂದ್. ಅಕ್ಟೋಬರಲ್ಲಿ ಒಂದು ರಾತ್ರಿಗೆ ನಾಲ್ಕೈದು ಗಂಟೆ ಸಿಕ್ರೆ ಅದೇ ದೊಡ್ಡದು. ವೆಟ್ ಬಲ್ಬ್ ಇನ್ನಷ್ಟು ಕೆಳಗೆ ಹೋದಂಗೆ ಅದೇ ಗನ್ನಲ್ಲಿ ಹಲವು ಪಟ್ಟು ನೀರು ಹರಿಸಬಹುದು, ಅದಕ್ಕೇ ಚೆನ್ನಾಗಿ ಚಳಿ ಬಿದ್ದ ಒಂದು ರಾತ್ರಿ, ಗಡಿಯಲ್ಲೇ ಒದ್ದಾಡೋ ಒಂದು ವಾರಕ್ಕೆ ಸಮ.

ಗನ್ ಮುಂದೆ ಬಿದ್ದ ಸ್ನೋ ದೊಡ್ಡ ದಿಬ್ಬ ಆಗುತ್ತೆ, ಅದಕ್ಕೆ ವೇಲ್, ಅಂದ್ರೆ ತಿಮಿಂಗಿಲ ಅಂತೀವಿ. ಓಪನಿಂಗ್ ಹತ್ರ ಬಂದಂಗೆ ಅದನ್ನ ಆದಷ್ಟು ಬೇಗ ಹರಡಿಬಿಡೋಣ ಅಂತ ಎಲ್ಲರಿಗೂ ಅನ್ಸುತ್ತೆ. ಹರಡಬಾರದು. ಯಾಕಂದ್ರೆ ಹನಿ ಹೊರಗಿಂದ ಒಳಕ್ಕೆ ಹೆಪ್ಪುಗಟ್ಟುತ್ತೆ, ಹೆಪ್ಪುಗಟ್ಟುವಾಗ ಗ್ರಾಂಗೆ 80 ಕ್ಯಾಲರಿ ಶಾಖ ಹೊರಗೆ ಬಿಡುತ್ತೆ, ಆ ಶಾಖ ಹೋಗೋ ತನಕ ಕಣದ ಒಳಗೆ ನೀರು ಉಳಿದಿರುತ್ತೆ. ದಿಬ್ಬ ಒಂದೆರಡು ದಿನ ಹಾಗೇ ಇದ್ರೆ ಉಳಿದ ನೀರು ಬಸಿದು ಕೆಳಗಿಳಿಯುತ್ತೆ, ಮೇಲಿನದು ಒಣಗಿ ಹದಕ್ಕೆ ಬರುತ್ತೆ. ಹಸಿ ಇರುವಾಗಲೇ ತಳ್ಳಿದ್ರೆ ಬೆಳಗಾಗೋ ಹೊತ್ತಿಗೆ ಇಡೀ ರನ್ (ಸ್ಕೀ ಮಾಡ್ತಾ ಇಳಿಯೋ ದಾರಿ) ಗಾಜಿನ ಹಲಗೆ. ಹದ ಆದ ಮೇಲೆ ಪಿಸ್ಟನ್‌ಬುಲಿಯಂಥ ಗ್ರೂಮರ್ ಗಾಡಿ ಬಂದು ಬ್ಲೇಡಲ್ಲಿ ತಳ್ಳಿ ಟಿಲ್ಲರಲ್ಲಿ ಉಳುಮೆ ಮಾಡಿದಂಗೆ ಮಾಡಿ ಸಮ ಮಾಡುತ್ತೆ. ಲವ್‌ಲ್ಯಾಂಡಲ್ಲಿ ಮೇಲಿಂದ ಕೆಳಗಿನ ತನಕ 18 ಇಂಚು ಬೇಸ್ (ತಳದ ಸ್ನೋ ಪದರ) ಆದ್ರೇನೇ ಓಪನ್ ಮಾಡೋದು. ಒಂದು ಎಕರೆಗೆ ಒಂದು ಅಡಿ ಸ್ನೋ ಹಾಕೋಕೆ ಸುಮಾರು ಆರೇಳು ಲಕ್ಷ ಲೀಟರ್ ನೀರು ಬೇಕು ಅಂದ್ರೆ ಆ 18 ಇಂಚಿನ ಹಿಂದೆ ಎಷ್ಟು ಪಂಪಿಂಗ್ ಇದೆ ಅಂತ ಲೆಕ್ಕ ಹಾಕಿ.

ಇಷ್ಟು ನೀರು ಯಾಕೆ ಪೋಲು ಮಾಡ್ತೀರಾ ಅಂತ ನಮ್ಮವರು ಕೇಳ್ತಾರೆ, ಬರ ನೋಡಿದ ಊರಿಂದ ಬಂದವನಾಗಿ ನನಗೂ ಆ ಪ್ರಶ್ನೆ ಮುಖ್ಯಾನೇ. ಹೊಳೆಯಿಂದ ಎತ್ತಿದ ನೀರು ಚಳಿಗಾಲ ಪೂರ್ತಿ ಬೆಟ್ಟದ ಮೇಲೆ ಕೂತು ವಸಂತದಲ್ಲಿ ಕರಗಿ ಬಹುಪಾಲು ಅದೇ ಕಣಿವೆಗೆ ವಾಪಸ್ ಹೋಗುತ್ತೆ, ಒಂದು ಪಾಲು ಮಾತ್ರ ಆವಿಯಾಗಿ ಹೋಗುತ್ತೆ. ಆದ್ರೆ ಅಕ್ಟೋಬರ್, ನವೆಂಬರಲ್ಲಿ ಹೊಳೆಯಲ್ಲಿ ನೀರೇ ಕಮ್ಮಿ, ಮೀನುಗಳಿಗೆ ಬೇಕಾದಷ್ಟು ಬಿಟ್ಟೇ ಎತ್ತಬೇಕು, ಅದಕ್ಕೆ ಕೊಲೊರಾಡೊದಲ್ಲಿ ನೀರಿನ ಹಕ್ಕಿನ ಕಟ್ಟುನಿಟ್ಟಾದ ಕಾನೂನಿದೆ. ಕರೆಂಟ್ ಖರ್ಚು ನನಗೆ ಇದಕ್ಕಿಂತ ದೊಡ್ಡ ಚಿಂತೆ, ಗಾಳಿ ಕಂಪ್ರೆಸ್ ಮಾಡೋದಕ್ಕೇ ಜಾಸ್ತಿ ಹೋಗುತ್ತೆ, ಕಮ್ಮಿ ಗಾಳಿ ಕೇಳೋ ಹೊಸ ಗನ್‌ಗಳನ್ನ ಎಲ್ಲ ರೆಸಾರ್ಟ್‌ಗಳೂ ಬೇಗ ಹಾಕ್ಕೋಬೇಕು.

ಇನ್ನು ಅದರ ಮೇಲೆ ಸ್ಕೀ ಮಾಡೋದು. ಹೊಸದಾಗಿ ಬಿದ್ದ ಒಣ ಸ್ನೋ ಕ್ಯೂಬಿಕ್ ಮೀಟರಿಗೆ 100 ಕೆಜಿನೂ ಇರಲ್ಲ, ಮಷಿನ್ ಸ್ನೋ 400ರಿಂದ 500 ಕೆಜಿ. ಕಣಗಳು ಗುಂಡಗೆ, ಸಣ್ಣಗೆ, ಒತ್ತೊತ್ತಾಗಿ ಕೂತಿರ್ತಾವೆ. ಹಾಗಾಗಿ ಗಟ್ಟಿ, ವೇಗ ಜಾಸ್ತಿ. ಸ್ಕೀಯ ಎಡ್ಜ್ (ಲೋಹದ ಅಂಚು) ಚೂಪು ಮಾಡಿಸ್ಕೊಂಡೇ ಹೋಗಿ, ಬಾಡಿಗೆ ಸ್ಕೀ ಆದ್ರೆ ಎಡ್ಜ್ ಮೇಲೆ ಉಗುರು ಅಡ್ಡ ಎಳೆದು ನೋಡಿ, ಉಗುರು ಸ್ವಲ್ಪ ಕೆತ್ತಿದ್ರೆ ಸರಿ, ಇಲ್ಲ ಅಂದ್ರೆ ಬೇರೆ ಕೊಡಿ ಅನ್ನಿ. ಪೌಡರ್, ಅಂದ್ರೆ ಮೆತ್ತನೆ ಹೊಸ ಸ್ನೋಗಂತ ಇರೋ ಅಗಲವಾದ ಸ್ಕೀ ಮನೇಲೇ ಇರಲಿ. ಗನ್ ಓಡ್ತಿರೋ ಕಡೆ ಹಾದು ಹೋಗುವಾಗ ಗಾಗಲ್ಸ್ ಮೇಲೆ ಐಸ್ ಕಟ್ಟುತ್ತೆ, ನಿಲ್ಲಬೇಡಿ, ದಾಟಿ ಹೋಗಿ ಆಮೇಲೆ ಒರೆಸ್ಕೊಳ್ಳಿ. ಹಗ್ಗ ಕಟ್ಟಿರೋ ಆಚೆಗೆ ದಯವಿಟ್ಟು ಹೋಗಬೇಡಿ, ಅಲ್ಲಿ ಮೇಲೆ ಎರಡು ಇಂಚು ಬಿಳಿ ಇದ್ರೂ ಕೆಳಗೆ ಕಲ್ಲು, ಬೊಡ್ಡೆ, ನಾವು ಬಿಟ್ಟ ಹೋಸ್, ಹೈಡ್ರಂಟ್ ಇರ್ತಾವೆ.

ಎಲ್ಲಕ್ಕಿಂತ ಜಾಸ್ತಿ ಎಚ್ಚರ ಬೇಕಾಗಿರೋದು ಜನರಿಂದ. ಇಡೀ ಬೆಟ್ಟಕ್ಕೆ ಒಂದೇ ರನ್, ಕಲಿಯೋರು, ರೇಸ್ ಮಾಡೋರು, ಸ್ನೋಬೋರ್ಡ್‌ನವರು ಎಲ್ಲ ಅದರಲ್ಲೇ, ಇಲ್ಲಿಯವರು ಅದಕ್ಕೆ ವೈಟ್ ರಿಬ್ಬನ್ ಆಫ್ ಡೆತ್ ಅಂತಾನೇ ಹೆಸರಿಟ್ಟಿದಾರೆ. ನಿಮಗಿಂತ ಕೆಳಗಿರೋರಿಗೆ ದಾರಿ ಬಿಡೋದು ನಿಮ್ಮ ಜವಾಬ್ದಾರಿ. ನಿಲ್ಲಬೇಕು ಅಂದ್ರೆ ಅಂಚಿಗೆ ಬಂದು, ಮೇಲಿನವರಿಗೆ ಕಾಣೋ ಜಾಗದಲ್ಲಿ ನಿಲ್ಲಿ. ಮೊದಲನೇ ಸಲ ಸ್ಕೀ ಕಲಿಯೋಕೆ ಹೊರಟಿರೋ ನಮ್ಮ ಬೆಂಗಳೂರಿನ ಸ್ನೇಹಿತರು ಅಕ್ಟೋಬರಲ್ಲಿ ಬರಲೇಬೇಡಿ, ಡಿಸೆಂಬರ್ ಮಧ್ಯದ ಮೇಲೆ ಬನ್ನಿ, ಆಗ ಕಲಿಯೋರ ಏರಿಯಾಗಳು ತೆರೆದಿರ್ತಾವೆ, ಅಷ್ಟು ಎತ್ತರಕ್ಕೆ ಬಂದ ಮೊದಲ ದಿನ ತಲೆನೋವು ಬರಬಹುದು, ನೀರು ಕುಡೀತಾ ಒಂದು ದಿನ ಸುಮ್ನೆ ಇರಿ. ಸ್ಕೀ ಬರೋರಿಗೆ ನನ್ನ ಸಲಹೆ, ಓಪನಿಂಗ್ ದಿನ ಬಿಟ್ಟು ಅದರ ಮುಂದಿನ ವಾರದ ಮಂಗಳವಾರ ಬುಧವಾರ. ಬೆಳಗ್ಗೆ ಮೊದಲ ಗಂಟೆ ಗಟ್ಟಿ ಇರುತ್ತೆ, ಹತ್ತೂವರೆ ಹೊತ್ತಿಗೆ ಬಿಸಿಲು ತಾಗಿ ಮೇಲ್ಪದರ ಮೆತ್ತಗಾಗುತ್ತೆ, ಅಲ್ಲಿಂದ ಮಧ್ಯಾಹ್ನದ ತನಕ ಮಜಾನೇ ಬೇರೆ.

ಇದನ್ನ ನಕಲಿ ಸ್ನೋ ಅನ್ನೋರ ಜೊತೆ ನಾನು ಜಗಳ ಆಡ್ತೀನಿ. ಕ್ರಿಸ್‌ಮಸ್ ಕಳೆದು ಆಕಾಶದ ಸ್ನೋ ಚೆನ್ನಾಗಿ ಬಿದ್ದ ಮೇಲೆ ನಮ್ಮ ಗನ್‌ಗಳು ನಿಂತು ಹೋಗ್ತಾವೆ, ಹೋಸ್ ಸುತ್ತಿಟ್ಟು ಕ್ರೂನವರು ಲಿಫ್ಟು, ಗ್ರೂಮಿಂಗ್ ಅಂತ ಬೇರೆ ಕೆಲಸಕ್ಕೆ ಹೋಗ್ತಾರೆ, ಆದ್ರೆ ಆ ಎಲ್ಲ ಪೌಡರ್ ಕೂತಿರೋದು ನಾವು ಅಕ್ಟೋಬರಲ್ಲಿ ಹಾಕಿದ ಬೇಸ್ ಮೇಲೆ. ಏಪ್ರಿಲ್ ಬಿಸಿಲಿಗೆ ಮೇಲಿನದು ಕರಗಿ ಹೋದ ಮೇಲೂ ಆ ಗಟ್ಟಿ ಪದರ ನಿಧಾನಕ್ಕೆ ಕರಗುತ್ತೆ, ಸುತ್ತ ಹುಲ್ಲು ಕಾಣೋಕೆ ಶುರುವಾದ ಮೇಲೂ ಆ ರನ್ ಮೇಲೆ ಜನ ಇಳೀತಾನೇ ಇರ್ತಾರೆ.